ಬಿಟ್ಟುಹೋದ ಓದನ್ನು ಮತ್ತೆ ಹಿಡಿಯೋಣ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಓದಿನ ಮಹತ್ವದ ಬಗ್ಗೆ ಮಾತನಾಡಬೇಕೆಂದು ಸಂಘದವರು ಹೇಳಿದಾಗ ನನಗೆ ಮೊದಲು ನಾಚಿಕೆಯಾಯಿತು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಏಳು ವರ್ಷ ನಾನು ಪಠ್ಯಪುಸ್ತಕ ಬಿಟ್ಟು ಬೇರೊಂದು ಪುಸ್ತಕವನ್ನು ಪೂರ್ತಿ ಓದಿರಲಿಲ್ಲ. ಪಾಠದ ಟಿಪ್ಪಣಿ, ಉತ್ತರಪತ್ರಿಕೆ, ಮನೆಗೆಲಸ. ಉಳಿದ ಹೊತ್ತು ಮೊಬೈಲ್. ಆದರೂ ತರಗತಿಯಲ್ಲಿ ಮಾತ್ರ ‘ಪುಸ್ತಕ ಓದಿ’ ಎಂದು ದಿನವೂ ಉಪದೇಶ ಮಾಡುತ್ತಿದ್ದೆ.

ಒಂದು ದಿನ ಹತ್ತನೇ ತರಗತಿಯ ಹುಡುಗಿಯೊಬ್ಬಳು, “ಟೀಚರ್, ನೀವೀಗ ಯಾವ ಪುಸ್ತಕ ಓದ್ತಿದ್ದೀರಿ?” ಎಂದು ಕೇಳಿದಳು. ಅವಳದು ಕೊಂಕಿನ ಮಾತಲ್ಲ. ಕಾಲೇಜಿನಲ್ಲಿ ಓದಿದ್ದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಹೆಸರು ಹೇಳಿ ತಪ್ಪಿಸಿಕೊಂಡೆ. “ನನಗೂ ಕೊಡಿ” ಎಂದಳು. ಅಟ್ಟದ ಮೇಲಿನ ಟ್ರಂಕಿನಿಂದ ಹುಡುಕಿ ಕೊಟ್ಟೆ. ನಾಲ್ಕೇ ದಿನದಲ್ಲಿ ಓದಿ ಬಂದು, “ನಾದಿರಾಳ ಮನಸ್ಸಿನಲ್ಲಿ ಏನಿದೆ ಎಂದು ಅವಳ ತಂದೆ ಯಾಕೆ ಕೇಳಲಿಲ್ಲ?” ಎಂದಳು. ನನಗೆ ಕಥೆಯೇ ಸರಿಯಾಗಿ ನೆನಪಿರಲಿಲ್ಲ. ಆ ರಾತ್ರಿ ಪುಸ್ತಕ ಹಿಡಿದು ಕುಳಿತರೆ, ಎರಡು ಪುಟ ಮುಗಿಯುವುದರೊಳಗೆ ಕೈ ಮೊಬೈಲಿನ ಕಡೆ ಹೋಯಿತು. ನಾನು ಏನನ್ನು ಕಳೆದುಕೊಂಡಿದ್ದೇನೆ ಎಂದು ಅಂದು ತಿಳಿಯಿತು.

ಆಮೇಲೆ ಮಾಡಿದ್ದು ದೊಡ್ಡ ಸಾಹಸವೇನಲ್ಲ. ರಾತ್ರಿ ಊಟವಾದ ಮೇಲೆ ಮೊಬೈಲನ್ನು ಅಡುಗೆಮನೆಯಲ್ಲಿಟ್ಟು ಹತ್ತು ನಿಮಿಷ ಓದತೊಡಗಿದೆ. ಓದುಬರಹ ಬಾರದ ನನ್ನ ಅಮ್ಮಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಉರ್ದುವಿನಲ್ಲಿ ಅರ್ಥ ಹೇಳುತ್ತಿದ್ದೆ. ನಿಲ್ಲಿಸಿದರೆ ಅಮ್ಮಿ, “ಆಮೇಲೇನಾಯ್ತು?” ಎನ್ನುತ್ತಿದ್ದರು. ಆ ಪ್ರಶ್ನೆಯೇ ಮರುದಿನವೂ ನನ್ನನ್ನು ಕೂರಿಸಿತು. ಅದು ಮುಗಿದ ಮೇಲೆ ಸಣ್ಣ ಕಥೆಗಳನ್ನು ಹಿಡಿದೆ. ಬೇಸರ ತಂದದ್ದನ್ನು ಸಂಕೋಚವಿಲ್ಲದೆ ಬಿಟ್ಟು ಇನ್ನೊಂದನ್ನು ತೆಗೆದುಕೊಂಡೆ.

ಹದಿನೈದು ದಿನಗಳ ನಂತರ ಆ ಹುಡುಗಿಯ ಪ್ರಶ್ನೆಯನ್ನು ಇಡೀ ತರಗತಿಯ ಮುಂದಿಟ್ಟೆ. ಎಂದೂ ಬಾಯಿ ಬಿಡದ ಮಕ್ಕಳೂ ಅಂದು ಮಾತನಾಡಿದರು.

ಪೋಷಕರಲ್ಲಿ ಒಂದು ಮಾತು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರಿಗೆ ಹೆಚ್ಚು ಓದುವ ಆಸೆಯಿದ್ದರೂ ಅಂದಿನ ಕಟ್ಟುಪಾಡುಗಳು ಅಡ್ಡ ಬಂದವು. ಗ್ರಂಥಾಲಯದ ಸದಸ್ಯತ್ವ ದೊರೆತದ್ದು 1963ರಲ್ಲಿ. ಈ ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು ಇಂಗ್ಲಿಷಿಗೆ ಹೋಗಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ನಮ್ಮ ಮನೆಗಳ ಕಥೆಯನ್ನು ಜಗತ್ತು ಓದುತ್ತಿರುವಾಗ ನಾವೇ ಓದದಿದ್ದರೆ ಹೇಗೆ? ಮದುವೆಯಾಯಿತು, ಕೆಲಸ ಸಿಕ್ಕಿತು ಎಂದು ಓದು ನಿಲ್ಲಬಾರದು. ಈದ್‌ಗೆ ಬಟ್ಟೆ ಕೊಳ್ಳುವಾಗ ಒಂದು ಪುಸ್ತಕವನ್ನೂ ಕೊಳ್ಳಿ. ಮಗಳಿಗೆ ಗ್ರಂಥಾಲಯದ ಕಾರ್ಡ್ ಮಾಡಿಸುವಾಗ ನಿಮಗೂ ಒಂದು ಮಾಡಿಸಿಕೊಳ್ಳಿ.

ನಾಳೆ ನಿಮ್ಮ ಮಗು, “ನೀವು ಯಾವ ಪುಸ್ತಕ ಓದ್ತಿದ್ದೀರಿ?” ಎಂದು ಕೇಳಿದರೆ ನನ್ನಂತೆ ತಪ್ಪಿಸಿಕೊಳ್ಳುವ ಸ್ಥಿತಿ ನಿಮಗೆ ಬಾರದಿರಲಿ.