ಕಿರಿದಾಗುವ ಅಕ್ಷರ
(ಬಾನುಲಿ ಭಾಷಣ)

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಶಾಲಾ ಮೇಷ್ಟರಾಗಿದ್ದವರು. ಅವರ ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ನಿವೃತ್ತರಾದ ಮೇಲೆ ತಿಂಗಳಿಗೊಂದು ಕಾಗದ ನನಗೆ ತಪ್ಪದೆ ಬರುತ್ತಿತ್ತು. ಒಂದು ವರ್ಷ ಆ ಕಾಗದಗಳಲ್ಲಿ ವಿಚಿತ್ರವೊಂದನ್ನು ಕಂಡೆ. ಸಾಲಿನ ಮೊದಲಲ್ಲಿ ದುಂಡಗಿದ್ದ ಅಕ್ಷರ ಸಾಲು ಮುಗಿಯುವ ಹೊತ್ತಿಗೆ ಸಾಸಿವೆಯಷ್ಟಾಗುತ್ತಿತ್ತು. ‘ದೊಡ್ಡಪ್ಪ ಕಾಗದ ಉಳಿಸುತ್ತಿದ್ದಾರೆ’ ಎಂದು ನಾವು ನಕ್ಕೆವು. ಆ ನಗೆಗಾಗಿ ಇಂದಿಗೂ ನಾಚುತ್ತೇನೆ.

ನಡಿಗೆ ನಿಧಾನವಾಯಿತು. ಸುಮ್ಮನೆ ಕುಳಿತಾಗ ಬಲಗೈಯ ಹೆಬ್ಬೆರಳು ಜಪಮಣಿ ಎಣಿಸುವಂತೆ ಆಡತೊಡಗಿತು. ವಯಸ್ಸಾಯಿತು ಎಂದರು ಕೆಲವರು. ನರದೌರ್ಬಲ್ಯವೆಂದು ಟಾನಿಕ್ಕು ಕುಡಿಸಿದರು ಕೆಲವರು. ಎರಡು ವರ್ಷ ಹೀಗೆ ಕಳೆದ ಮೇಲೆ ನರರೋಗತಜ್ಞರೊಬ್ಬರು ಅವರನ್ನು ನಡೆಸಿ ನೋಡಿದರು, ಮೊಣಕೈ ಮಡಿಸಿ ನೋಡಿದರು, ಒಂದು ಸಾಲು ಬರೆಯಿಸಿ ನೋಡಿದರು. ‘ಇದು ಪಾರ್ಕಿನ್ಸನ್ ರೋಗ’ ಎಂದರು.

ಈ ರೋಗವನ್ನು ಗುರುತಿಸಿದ್ದೇ ಕಣ್ಣಿನ ಬಲದಿಂದ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ಲಕ್ಷಣಗಳನ್ನು ವರ್ಣಿಸಿ ಪುಟ್ಟ ಪ್ರಬಂಧವೊಂದನ್ನು ಬರೆದ. ಆ ಆರರಲ್ಲಿ ಮೂವರನ್ನು ಆತ ಕಂಡದ್ದು ಬೀದಿಯಲ್ಲಿ; ಅವರಲ್ಲೊಬ್ಬನನ್ನು ದೂರದಿಂದ ನೋಡಿದ್ದಷ್ಟೆ. ನಮ್ಮ ಆಯುರ್ವೇದವೂ ಕಂಪವಾತವೆಂಬ ವ್ಯಾಧಿಯನ್ನು ಹೇಳುತ್ತದೆ. ಯಂತ್ರಗಳು ಎಷ್ಟೇ ಬಂದಿದ್ದರೂ ಈ ರೋಗದ ನಿರ್ಣಯದಲ್ಲಿ ವೈದ್ಯನ ಕಣ್ಣು ಕೈಗಳಿಗೇ ಇಂದಿಗೂ ಮೊದಲ ಮಣೆ.

ಕಾರಣದ ಎಳೆ ಸಿಕ್ಕಿದ್ದು ಬಹಳ ತಡವಾಗಿ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ನಮ್ಮ ಸರ್ಪಗಂಧದಿಂದ ತೆಗೆದ ರೆಸರ್ಪಿನ್ ಕೊಟ್ಟು ಮೊಲಗಳನ್ನು ಜಡವಾಗಿಸಿದರು. ಲೆವೊಡೋಪ ಚುಚ್ಚಿದಾಗ ಅವು ಮತ್ತೆ ಎದ್ದು ಓಡಾಡಿದುವು. 1960ರಲ್ಲಿ ವಿಯೆನ್ನಾದ ವಿಜ್ಞಾನಿಗಳು, ಈ ರೋಗದಿಂದ ಸತ್ತವರ ಮಿದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯ ಬತ್ತಿರುವುದನ್ನು ಕಂಡರು. 1967ರಲ್ಲಿ ಅಮೆರಿಕದ ಜಾರ್ಜ್ ಕಾಟ್ಜಿಯಾಸ್ ಲೆವೊಡೋಪವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಮರಗಟ್ಟಿದವರನ್ನು ನಡೆಸಿದರು. ಅದೇ ದ್ರವ್ಯವನ್ನು 1937ರಷ್ಟು ಹಿಂದೆಯೇ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ್ದರು. ಮೈ ಕೆರೆಸುವ ಆ ಬಳ್ಳಿಯಲ್ಲಿ ಇಂಥ ಗುಣ ಅಡಗಿತ್ತು.

ಲೆವೊಡೋಪ ದೊಡ್ಡಪ್ಪನವರಿಗೂ ಅಕ್ಷರವನ್ನು ಮರಳಿ ಕೊಟ್ಟಿತು. ಆದರೆ ವರ್ಷಗಳು ಕಳೆದಂತೆ ಔಷಧದ ಪ್ರಭಾವ ಹೊತ್ತಿಗೆ ಮೊದಲೇ ಇಳಿಯುವುದು, ಏರಿದಾಗ ಮೈ ತಾನಾಗಿ ತೊನೆಯುವುದು ಈ ಚಿಕಿತ್ಸೆಯ ಪಾಡು. ಅಂಥ ದಿನಗಳಲ್ಲಿ ವೈದ್ಯರು, ‘ಮೇಷ್ಟ್ರೇ, ಹೊಸ ಗುಳಿಗೆಯೊಂದರ ಪರೀಕ್ಷೆ ನಡೆಯುತ್ತಿದೆ. ಎಂದಿನ ಔಷಧ ನಿಲ್ಲುವುದಿಲ್ಲ. ಜೊತೆಗೆ ಅರ್ಧ ಜನಕ್ಕೆ ಹೊಸ ಗುಳಿಗೆ, ಅರ್ಧ ಜನಕ್ಕೆ ಬರಿಯ ಪೊಳ್ಳು ಗುಳಿಗೆ. ಯಾರಿಗೆ ಯಾವುದೆಂದು ನನಗೂ ತಿಳಿಯದು. ಒಪ್ಪುತ್ತೀರಾ?’ ಎಂದು ಕೇಳಿದರು. ದೊಡ್ಡಪ್ಪ ಒಪ್ಪಿದರು.

ಎರಡು ತಿಂಗಳು ಅವರ ಕಾಗದಗಳು ಅರಳಿದುವು. ಕೊನೆಗೆ ಗುಟ್ಟು ಬಿಚ್ಚಿದಾಗ ತಿಳಿಯಿತು: ಅವರು ನುಂಗಿದ್ದು ಪೊಳ್ಳು ಗುಳಿಗೆ. ದೊಡ್ಡಪ್ಪ ಕುಸಿದರು. ಜೀವಮಾನವೆಲ್ಲ ಮಕ್ಕಳಿಗೆ ಸುಳ್ಳಾಡಬೇಡಿರೆಂದು ಹೇಳಿದವರು, ‘ಹಾಗಾದರೆ ಗುಣವಾಯಿತೆಂದು ನಾನು ಬರೆಸಿದ್ದೆಲ್ಲ ಸುಳ್ಳೇ?’ ಎಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವರು ಆ ವೈದ್ಯರು. 2001ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸಂಶೋಧಕರು ಇಂಥ ರೋಗಿಗಳಿಗೆ, ಔಷಧವೋ ಉಪ್ಪುನೀರೋ ಎಂದು ತಿಳಿಸದೆ ಚುಚ್ಚುಮದ್ದು ಕೊಟ್ಟು ಮಿದುಳಿನ ಚಿತ್ರ ತೆಗೆದರು. ಬರಿಯ ಉಪ್ಪುನೀರು ಪಡೆದಾಗಲೂ ಮಿದುಳು ಡೋಪಮೀನನ್ನು ಸ್ರವಿಸಿತ್ತು. ಗುಣವಾದೀತೆಂಬ ನಿರೀಕ್ಷೆಯೇ ಆ ಕೆಲಸ ಮಾಡಿತ್ತು. ‘ನೀವು ಸುಳ್ಳು ಹೇಳಲಿಲ್ಲ, ಮೇಷ್ಟ್ರೇ. ನಿಮ್ಮ ಕೈ ನಿಜವಾಗಿಯೇ ಬರೆಯಿತು. ಆಸೆಯ ಪಾಲೆಷ್ಟೆಂದು ನಿಮ್ಮಂಥವರು ತೋರಿಸದಿದ್ದರೆ, ಔಷಧದ ಪಾಲೆಷ್ಟೆಂದು ನಾವು ಅರಿಯುವುದೆಂತು?’

ಆಸೆ ಸತ್ತ ಜೀವಕೋಶಗಳನ್ನು ಬದುಕಿಸಲಾರದು. ಅಕ್ಷರ ಮತ್ತೆ ಕಿರಿದಾಯಿತು. ಆ ಮೇಲೆ ಬಂದ ಕಾಗದವೊಂದನ್ನು ಭೂತಗನ್ನಡಿ ಹಿಡಿದು ಓದಿದೆ. ‘ಪೊಳ್ಳು ಗುಳಿಗೆ ನುಂಗಿದವನೂ ಪರೀಕ್ಷೆಯಲ್ಲಿ ಉತ್ತೀರ್ಣನಂತೆ. ನನಗೆ ಸಮಾಧಾನವಾಗಿದೆ’ ಎಂದಿತ್ತು. ಈ ಸಲ ಮನೆಯಲ್ಲಿ ಯಾರೂ ನಗಲಿಲ್ಲ.