ವಿದ್ಯಾರ್ಥಿಗಳು ನಡೆಸುವ ರಿಯಾಕ್ಟರ್

(ವಿದ್ಯಾರ್ಥಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಅಣುಶಕ್ತಿ ಎಂದೊಡನೆ ನೆನಪಾಗುವುದು ಕಾಳಿ ನದಿಯ ದಂಡೆಯ ಕೈಗಾ. ಆ ಗುಮ್ಮಟದ ಒಳಗೆ ನಡೆಯುವುದೇನೆಂದು ಸಮರ್ಥಿಸುವ ಬಹುಪಾಲು ಜನರಿಗೂ ತಿಳಿಯದು, ವಿರೋಧಿಸುವ ಬಹುಪಾಲು ಜನರಿಗೂ ತಿಳಿಯದು. ಕಾಣದ ವಸ್ತುವಿನ ಕುರಿತ ವಾದ ಬಹುಬೇಗ ನಂಬಿಕೆಗಳ ಜಗಳವಾಗಿಬಿಡುತ್ತದೆ. ಆದುದರಿಂದ ಇಂದಿನ ಮಾತು, ಮೇಲಿನಿಂದ ಬಗ್ಗಿ ನೋಡಬಹುದಾದ, ವಿದ್ಯಾರ್ಥಿಗಳೇ ನಡೆಸುವ ಪುಟ್ಟ ರಿಯಾಕ್ಟರೊಂದನ್ನು ಕುರಿತದ್ದು.

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ರೀಡ್ ಕಾಲೇಜು ಎಂಬ ಸಣ್ಣ ವಿದ್ಯಾಸಂಸ್ಥೆಯಿದೆ. ಅಲ್ಲಿ ಪರಮಾಣು ಎಂಜಿನಿಯರಿಂಗ್ ವಿಭಾಗವಿಲ್ಲ. ಆದರೂ 1968ರಿಂದ ಅಲ್ಲೊಂದು ರಿಯಾಕ್ಟರ್ ಇದೆ. ಅದನ್ನು ಮುಖ್ಯವಾಗಿ ನಡೆಸುವವರು ಪದವಿ ತರಗತಿಯ ವಿದ್ಯಾರ್ಥಿಗಳು. ಭೌತಶಾಸ್ತ್ರದವರಷ್ಟೇ ಅಲ್ಲ, ಸಾಹಿತ್ಯ, ತತ್ತ್ವಶಾಸ್ತ್ರ ಓದುವವರೂ ಅವರಲ್ಲಿದ್ದಾರೆ.

ಅದರ ಗಾತ್ರವನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಅದು ಸುಮಾರು 25 ಅಡಿ ಆಳದ ತೊಟ್ಟಿ, ಬಾವಿಯೆಂದರೂ ಸಲ್ಲುತ್ತದೆ. ಅದರಲ್ಲಿ ಸುಮಾರು 95,000 ಲೀಟರ್ ಶುದ್ಧೀಕರಿಸಿದ ನೀರು. ತಳದಲ್ಲಿ ಇಂಧನ ಸರಳುಗಳ ಗುಚ್ಛ. ಆ ನೀರೇ ವಿಕಿರಣಕ್ಕೆ ತಡೆಗೋಡೆ, ನೀರೇ ತಂಪು. ರಿಯಾಕ್ಟರ್ ನಡೆಯುವಾಗ ತಳದಲ್ಲಿ ನೀಲಿ ಬೆಳಕು ಹೊಮ್ಮುತ್ತದೆ. ಇದರ ಗರಿಷ್ಠ ಶಾಖ ಸಾಮರ್ಥ್ಯ 250 ಕಿಲೋವಾಟ್, ಅಂದರೆ ಐದು ಅಶ್ವಶಕ್ತಿಯ ಸುಮಾರು 67 ಪಂಪ್‌ಸೆಟ್ಟುಗಳಷ್ಟು. ವಿದ್ಯುತ್ತನ್ನು ಅದು ಉತ್ಪಾದಿಸುವುದಿಲ್ಲ. ಕೈಗಾದ 220 ಮೆಗಾವಾಟಿನ ಒಂದು ಘಟಕದ ಶಾಖ ಇದರ ಸುಮಾರು 3000 ಪಟ್ಟು. ಈ ಅಂತರವನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಇದೇ ಮುಖ್ಯವಾಗುತ್ತದೆ.

ಈ ಮಾದರಿಗೆ ಟ್ರಿಗಾ ಎಂದು ಹೆಸರು. 1956ರಲ್ಲಿ ಎಡ್ವರ್ಡ್ ಟೆಲ್ಲರ್, ಫ್ರೀಮನ್ ಡೈಸನ್ ಮೊದಲಾದ ವಿಜ್ಞಾನಿಗಳು ಜನರಲ್ ಅಟಾಮಿಕ್ ಸಂಸ್ಥೆಯಲ್ಲಿ ಸೇರಿ, ಅನುಭವವಿಲ್ಲದವರ ಕೈಯಲ್ಲಿಯೂ ಅನಾಹುತಕ್ಕೆ ಎಡೆಗೊಡದ ರಿಯಾಕ್ಟರನ್ನು ರೂಪಿಸಲು ಹೊರಟರು. ಸುರಕ್ಷತೆಯು ಉಪಕರಣಗಳಲ್ಲಿ ಮಾತ್ರವಲ್ಲ, ಇಂಧನದ ಗುಣದಲ್ಲಿಯೇ ಇರಬೇಕೆಂಬುದು ಅವರ ಗುರಿ. ನ್ಯೂಟ್ರಾನುಗಳ ವೇಗ ತಗ್ಗಿದಾಗ ಮಾತ್ರ ಅವು ಯುರೇನಿಯಂ ಪರಮಾಣುವನ್ನು ಸುಲಭವಾಗಿ ಒಡೆಯಬಲ್ಲವು. ವೇಗ ತಗ್ಗಿಸುವ ಕೆಲಸ ಜಲಜನಕದ್ದು. ಟ್ರಿಗಾದಲ್ಲಿ ಯುರೇನಿಯಂ ಜಿರ್ಕೋನಿಯಂ ಹೈಡ್ರೈಡಿನೊಡನೆ ಬೆರೆತಿರುವುದರಿಂದ ಆ ಜಲಜನಕದ ದೊಡ್ಡ ಪಾಲು ಇಂಧನದೊಳಗೇ ಇರುತ್ತದೆ. ಇಂಧನ ಬಿಸಿಯೇರಿದೊಡನೆ ಜಲಜನಕವೂ ಬಿಸಿಯೇರಿ ನ್ಯೂಟ್ರಾನುಗಳಿಗೆ ಮರಳಿ ವೇಗ ಕೊಡುತ್ತದೆ. ಸರಪಳಿ ಕ್ರಿಯೆ ತಾನಾಗಿ ಕುಗ್ಗುತ್ತದೆ. ಇದಕ್ಕೆ ಮನುಷ್ಯನ ಅಪ್ಪಣೆ ಬೇಕಿಲ್ಲ.

ಹಾಗೆಂದು ಯಾರು ಬೇಕಾದರೂ ಗುಂಡಿ ಒತ್ತುವಂತಿಲ್ಲ. ಆಸಕ್ತ ವಿದ್ಯಾರ್ಥಿಯು ಸುಮಾರು ಒಂದು ವರ್ಷ ತರಬೇತಿ ಪಡೆಯಬೇಕು. ಅನಂತರ ಪರೀಕ್ಷಿಸುವುದು ಕಾಲೇಜಲ್ಲ, ಅಮೆರಿಕ ಸರಕಾರದ ಪರಮಾಣು ನಿಯಂತ್ರಣ ಆಯೋಗ. ಲಿಖಿತ ಪರೀಕ್ಷೆಯ ಜೊತೆಗೆ, ಯಂತ್ರದ ಎದುರು ನಿಂತು ಅದನ್ನು ನಡೆಸಿ ತೋರಿಸುವ, ಪ್ರತಿಯೊಂದು ಭಾಗವನ್ನು ವಿವರಿಸುವ ಪರೀಕ್ಷೆಯೂ ಇದೆ. ಪರವಾನಗಿಯ ಅವಧಿ ಆರು ವರ್ಷ. ಆದರೆ ಮೂರು ತಿಂಗಳಿಗೆ ಕನಿಷ್ಠ ನಾಲ್ಕು ಗಂಟೆ ಕೆಲಸ ಮಾಡದವರು ಮತ್ತೆ ತಮ್ಮ ಅರ್ಹತೆಯನ್ನು ಸಿದ್ಧಪಡಿಸಬೇಕಾಗುತ್ತದೆ. ಎರಡು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯೂ ಕಡ್ಡಾಯ. ಕೈ ಮರೆತವನಿಗೆ ಹಳೆಯ ಪ್ರಮಾಣಪತ್ರ ನೆರವಾಗದು ಎಂಬ ತಿಳಿವಳಿಕೆ ಈ ನಿಯಮಗಳಲ್ಲಿದೆ.

ಇಂಥ ರಿಯಾಕ್ಟರಿನ ದಿನ ಆರಂಭವಾಗುವುದು ಚಾಲನೆಯಿಂದಲ್ಲ, ತಪಾಸಣೆಯಿಂದ. ವಿಕಿರಣ ಮಾಪಕಗಳು ಸರಿಯಾಗಿವೆಯೆ? ನೀರಿನ ಮಟ್ಟ ಎಷ್ಟು, ಉಷ್ಣತೆ ಎಷ್ಟು? ನಿಯಂತ್ರಣ ಸರಳುಗಳು ಆಜ್ಞೆಯಂತೆ ಬೀಳುತ್ತವೆಯೆ? ಪ್ರತಿಯೊಂದು ಪ್ರಶ್ನೆಗೂ ಉತ್ತರವನ್ನು ಬರೆದು ಸಹಿ ಮಾಡಬೇಕು. ನಿಯಂತ್ರಣ ಸರಳುಗಳು ನ್ಯೂಟ್ರಾನುಗಳನ್ನು ಹೀರಿಕೊಂಡು ಕ್ರಿಯೆಯನ್ನು ನಿಲ್ಲಿಸುತ್ತವೆ. ಅವುಗಳನ್ನು ಮೇಲೆ ಹಿಡಿದಿರುವುದು ವಿದ್ಯುತ್ಕಾಂತ. ಮಲೆನಾಡಿನ ಮಳೆಗಾಲದಲ್ಲಿ ಆಗುವಂತೆ ಥಟ್ಟನೆ ವಿದ್ಯುತ್ತು ಹೋದರೆ ಕಾಂತದ ಹಿಡಿತ ಸಡಿಲಿ, ಸರಳುಗಳು ತಮ್ಮ ಭಾರದಿಂದಲೇ ಕೆಳಗೆ ಬೀಳುತ್ತವೆ. ಬೀಳಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ನಿಗದಿತ ಅವಧಿಗೊಮ್ಮೆ ಅಳೆಯುತ್ತಾರೆ. ಅದು ಒಂದು ಸೆಕೆಂಡಿನ ಒಳಗಿರಬೇಕು.

ನಿರ್ವಹಣೆಯ ಬಹುಭಾಗ ನೀರಿನ ಆರೈಕೆ. ನೀರಿನಲ್ಲಿ ಲವಣ ಸೇರಿದರೆ ಲೋಹ ಸವೆಯುತ್ತದೆ, ಕರಗಿದ ಕಲ್ಮಶವೇ ವಿಕಿರಣಶೀಲವಾಗುತ್ತದೆ. ಆದುದರಿಂದ ನೀರನ್ನು ಸದಾ ರಾಳದ ಶೋಧಕದ ಮೂಲಕ ಹಾಯಿಸಿ, ಅದರ ವಿದ್ಯುದ್ವಾಹಕತೆಯನ್ನು ಅಳೆಯುತ್ತಿರಬೇಕು. ನೀರು ಆವಿಯಾಗಿ ಕಡಿಮೆಯಾದದ್ದೆಷ್ಟು, ಸೇರಿಸಿದ್ದೆಷ್ಟು ಎಂಬ ಲೆಕ್ಕ ತಾಳೆಯಾಗದಿದ್ದರೆ ಸೋರಿಕೆಯನ್ನು ಹುಡುಕಬೇಕು. ಕೆರೆಯ ಏರಿಯನ್ನು ಕಾಯುವ ರೈತನಿಗೆ ಈ ಎಚ್ಚರ ಹೊಸದಲ್ಲ. ಇಂಧನ ಸರಳುಗಳನ್ನು ಉದ್ದನೆಯ ಉಪಕರಣದಿಂದ ನೀರಿನೊಳಗೇ ಎತ್ತಿ ಪರಿಶೀಲಿಸುತ್ತಾರೆ. ಪೂರ್ಣ ಸಾಮರ್ಥ್ಯದಲ್ಲಿ ಹಗಲಿರುಳು ನಡೆದರೂ ದಿನಕ್ಕೆ ಖರ್ಚಾಗುವ ಯುರೇನಿಯಂ-235 ಗ್ರಾಂನ ಮೂರನೆಯ ಒಂದು ಪಾಲಿನಷ್ಟೂ ಇಲ್ಲವಾದ್ದರಿಂದ ಇಂಧನ ದಶಕಗಳ ಕಾಲ ಬಾಳುತ್ತದೆ.

ಇಷ್ಟೆಲ್ಲ ಶ್ರಮದ ಪ್ರಯೋಜನವೇನು? ಒಂದು ಉದಾಹರಣೆ ಸಾಕು. ಒಂದು ಚಿಟಿಕೆ ಮಣ್ಣನ್ನು ನ್ಯೂಟ್ರಾನುಗಳಿಗೆ ಒಡ್ಡಿದರೆ ಅದರಲ್ಲಿರುವ ಹಲವು ಧಾತುಗಳು ತಾತ್ಕಾಲಿಕವಾಗಿ ವಿಕಿರಣಶೀಲವಾಗಿ, ತಮ್ಮ ತಮ್ಮ ಗುರುತಿನ ಗಾಮಾ ಕಿರಣಗಳನ್ನು ಸೂಸುತ್ತವೆ. ಮ್ಯಾಂಗನೀಸಿನ ಗುರುತು ಎರಡೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಆರ್ಸೆನಿಕ್ಕಿನದು ಇಳಿಯಲು ಒಂದು ದಿನಕ್ಕಿಂತ ತುಸು ಹೆಚ್ಚು ಬೇಕು. ಇದನ್ನು ಓದಿ, ಮಣ್ಣಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವಿಷವನ್ನೂ ಪೋಷಕಾಂಶವನ್ನೂ ತೂಗಬಹುದು.

ಈಗ ಮೊದಲಿನ ಮಾತಿಗೆ ಮರಳೋಣ. ಮಕ್ಕಳೇ ನಡೆಸುವಷ್ಟು ನಿರಪಾಯವೆಂದ ಮೇಲೆ ದೊಡ್ಡ ಸ್ಥಾವರಕ್ಕೇಕೆ ಅಂಜಬೇಕು ಎಂದು ಯಾರಾದರೂ ಕೇಳಬಹುದು. ಉತ್ತರ ಆ 3000 ಪಟ್ಟಿನಲ್ಲಿದೆ. ಸರಪಳಿ ಕ್ರಿಯೆ ನಿಂತ ಕ್ಷಣದಲ್ಲಿಯೂ ಇಂಧನದೊಳಗಿನ ವಿಕಿರಣಶೀಲ ವಸ್ತುಗಳಿಂದ ಪೂರ್ಣ ಶಾಖದ ಶೇಕಡಾ 6ರಿಂದ 7ರಷ್ಟು ಹುಟ್ಟುತ್ತಲೇ ಇರುತ್ತದೆ. ಪುಟ್ಟ ರಿಯಾಕ್ಟರಿನಲ್ಲಿ ಅದು ಸುಮಾರು 16 ಕಿಲೋವಾಟ್; ತೊಟ್ಟಿಯ ನೀರು ಅದನ್ನು ಪಂಪಿನ ಹಂಗಿಲ್ಲದೆ ನುಂಗಿಕೊಳ್ಳುತ್ತದೆ. ದೊಡ್ಡ ಘಟಕದಲ್ಲಿ ಅದು ಹತ್ತಾರು ಸಾವಿರ ಕಿಲೋವಾಟ್. ಅದನ್ನು ಹೊರಸಾಗಿಸುವ ವ್ಯವಸ್ಥೆ ನಿಂತರೆ ಏನಾಗುತ್ತದೆಂಬುದನ್ನು 2011ರಲ್ಲಿ ಜಪಾನಿನ ಫುಕುಶಿಮಾ ತೋರಿಸಿತು. ಸಣ್ಣದರ ಸುರಕ್ಷತೆ ದೊಡ್ಡದಕ್ಕೆ ಜಾಮೀನಾಗಲಾರದು.

ಆರೆಗಾನಿನ ಜನ ಈ ವ್ಯತ್ಯಾಸವನ್ನು ಬಲ್ಲರು. ತ್ಯಾಜ್ಯಕ್ಕೆ ಶಾಶ್ವತ ನೆಲೆ ಸಿದ್ಧವಾಗಿ, ಜನಮತದ ಒಪ್ಪಿಗೆಯೂ ದೊರೆಯುವವರೆಗೆ ಹೊಸ ಅಣು ವಿದ್ಯುತ್ ಸ್ಥಾವರ ಬೇಡವೆಂದು ಅವರು 1980ರಲ್ಲಿಯೇ ಮತ ಹಾಕಿ ಕಾನೂನು ಮಾಡಿದರು. ಆ ರಾಜ್ಯದ ಏಕೈಕ ವಿದ್ಯುತ್ ಸ್ಥಾವರವಾಗಿದ್ದ ಟ್ರೋಜನ್ 1992ರಲ್ಲಿ ನಿಂತಿತು. ಅದರ ಬಳಸಿದ ಇಂಧನ ಇಂದಿಗೂ ಕೊಲಂಬಿಯಾ ನದಿಯ ದಂಡೆಯಲ್ಲಿಯೇ ಕಾವಲಿನಲ್ಲಿದೆ. ಅದೇ ರಾಜ್ಯದಲ್ಲಿ ಕಾಲೇಜಿನ ರಿಯಾಕ್ಟರ್ ಮುಂದುವರಿದಿದೆ.

ಅದರ ಪಾಠವಿಷ್ಟೆ. ಆ ನಿಯಂತ್ರಣ ಕೊಠಡಿಯಲ್ಲಿ ಕಲಿತವರೆಲ್ಲ ಅಣುಶಕ್ತಿಯ ಪರವಾಗುವುದಿಲ್ಲ, ವಿರೋಧಿಗಳೂ ಆಗುವುದಿಲ್ಲ. ಅವರು ಪ್ರಶ್ನೆ ಕೇಳಲು ಕಲಿಯುತ್ತಾರೆ: ಇಂದಿನ ಅಳತೆ ಎಷ್ಟು? ಅಳೆದವರು ಯಾರು? ಬರೆದಿಟ್ಟ ಪುಸ್ತಕ ಎಲ್ಲಿ? ತ್ಯಾಜ್ಯವನ್ನು ಮರಳಿ ಒಯ್ಯುವವರಾರು? ಈ ಪ್ರಶ್ನೆಗಳನ್ನು ಕೇಳಲು ರಿಯಾಕ್ಟರನ್ನು ನಡೆಸಿರಲೇಬೇಕೆಂದಿಲ್ಲ. ಕಾಳಿಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೂ ಅವನ್ನು ಕೇಳುವ ಹಕ್ಕಿದೆ. ಉತ್ತರವನ್ನು ಅರ್ಥಮಾಡಿಕೊಳ್ಳುವಷ್ಟು ವಿಜ್ಞಾನವನ್ನು ಕಲಿಯುವ ಹೊಣೆಯೂ ಇದೆ.