ಅಕ್ಕನ ಪ್ರಶ್ನೆ, ಬಿಸಿಜಿ ಸೂಜಿ ಮತ್ತು ಸರಾಸರಿ ಲೆಕ್ಕ

ಬಾಗಲಕೋಟೆಯಿಂದ ನಾನು. ಇಯರ್‌ಫೋನ್ ಹಾಕ್ಕೊಂಡ್ರಾ? ಹಂಗಾದ್ರೆ ಶುರು ಮಾಡೋಣ.

ಹೋದ ತಿಂಗಳು ಬಾದಾಮಿಯಿಂದ ಅಕ್ಕ ಫೋನ್ ಮಾಡಿದ್ಲು. ಕೂಸು ಹುಟ್ಟಿ ಮೂರು ದಿನ ಆಗಿತ್ತು. "ತಮ್ಮಾ, ಬಿಸಿಜಿ ಸೂಜಿ ಕೆಲಸಾನ ಮಾಡಂಗಿಲ್ಲಂತ ವಾಟ್ಸಾಪ್‌ನಾಗ ಬಂದೈತಿ. ಹಾಕಸ್ಲೋ ಬ್ಯಾಡೋ?" ಅಂದ್ಲು. ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಆದರೆ ಆ ಮೆಸೇಜ್‌ನಲ್ಲಿ ಇದ್ದದ್ದು ಲೆಕ್ಕ. ಅದನ್ನ ನೋಡಬಹುದಲ್ಲ?

ಮೊದಲು ಅಂಗಡಿ ಲೆಕ್ಕ. ಇಳಕಲ್‌ನಲ್ಲಿ ಒಂದು ದೊಡ್ಡ ಸೀರೆ ಅಂಗಡಿ, 1 ಕೋಟಿ ವ್ಯಾಪಾರ, ಲಾಭ 2%. ಹುನಗುಂದದಲ್ಲಿ ಸಣ್ಣದು, 5 ಲಕ್ಷ ವ್ಯಾಪಾರ, ಲಾಭ 20%. ಸರಾಸರಿ 11% ಅಂದ್ರೆ ಮಾಲೀಕ ನಗ್ತಾನೆ. ಒಟ್ಟು ಲಾಭ 3 ಲಕ್ಷ, ಅಂದ್ರೆ 3% ಕೂಡ ಇಲ್ಲ.

ಅಧ್ಯಯನಗಳನ್ನ ಕೂಡಿಸೋದೂ ಹಂಗೇ. ಇದಕ್ಕೆ ಮೆಟಾ ಅನಾಲಿಸಿಸ್ ಅಂತಾರೆ. ಬಿಸಿಜಿ ಬಗ್ಗೆ ನಮ್ಮ ಪಕ್ಕದಲ್ಲೇ ಎರಡು ಪ್ರಯೋಗ ನಡೆದಿವೆ. ಮದನಪಲ್ಲಿಯಲ್ಲಿ ಬಂದ ಉತ್ತರ 0.80, 1968ರಲ್ಲಿ ಶುರುವಾದ ಚೆಂಗಲ್ಪಟ್ಟು ಪ್ರಯೋಗದ್ದು 1.01. ಇಲ್ಲಿ 1 ಅಂದ್ರೆ ಸೂಜಿಯಿಂದ ವ್ಯತ್ಯಾಸವಿಲ್ಲ, ಅದಕ್ಕಿಂತ ಕಮ್ಮಿ ಅಂದ್ರೆ ರಕ್ಷಣೆ. ನೇರ ಸರಾಸರಿ ತೆಗೆದ್ರೆ ಸುಮಾರು 0.90.

ಈಗ ಮೂಲ ಡೇಟಾ ನಮ್ಮ ಕೈಲಿಲ್ಲ, ಉತ್ತರ ಮತ್ತು ಅದರ 95% ಮಿತಿ ಮಾತ್ರ ಇದೆ ಅಂದ್ಕೊಳ್ಳಿ. ಸಾಕು. ಮದನಪಲ್ಲಿಯ ಮಿತಿ 0.52ರಿಂದ 1.25. ಎರಡರ ನ್ಯಾಚುರಲ್ ಲಾಗ್ ತೆಗೀರಿ, ಕಳೀರಿ, 3.92ರಿಂದ ಭಾಗಿಸಿ. ಬರೋ 0.22 ಸ್ಟ್ಯಾಂಡರ್ಡ್ ಎರರ್. ಅದರ ವರ್ಗದಿಂದ 1ನ್ನ ಭಾಗಿಸಿದ್ರೆ ತೂಕ, ಸುಮಾರು 20. ಚೆಂಗಲ್ಪಟ್ಟುವಿನ ಮಿತಿ 0.89ರಿಂದ 1.14, ತೂಕ ಸುಮಾರು 250. ಅಲ್ಲಿ ಒಂದೊಂದು ಗುಂಪಿನಲ್ಲೂ 88 ಸಾವಿರಕ್ಕೂ ಹೆಚ್ಚು ಜನ ಇದ್ದರು. ಲಾಗ್‌ಗಳನ್ನ ತೂಕ ಹಾಕಿ ಕೂಡಿಸಿದ್ರೆ ಉತ್ತರ ಹತ್ತಿರ ಹತ್ತಿರ 1.00. 0.90 ಎಲ್ಲೋ ಹೋಯ್ತು!

ಹಂಗಾದ್ರೆ ವಾಟ್ಸಾಪ್ ಗೆದ್ದಿತಾ? ತಡೀರಿ. 1994ರಲ್ಲಿ ಜಾಮಾ ಪತ್ರಿಕೆಯಲ್ಲಿ ಇವೆರಡೂ ಸೇರಿ 13 ಪ್ರಯೋಗಗಳ ಲೆಕ್ಕ ಬಂತು. ಒಟ್ಟು ಉತ್ತರ 0.49, ಮಿತಿ 0.34ರಿಂದ 0.70. ಆದ್ರೆ ಫಲಿತಾಂಶ ಊರಿಂದ ಊರಿಗೆ ಬೇರೆ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ರಕ್ಷಣೆ ಹೆಚ್ಚು ಕಂಡಿತ್ತು. ಹಿಂಗೆ ಚದುರಿದಾಗ ಒಂದೇ ಸಂಖ್ಯೆ ಹಿಡ್ಕೊಂಡು ಎಲ್ಲ ಊರಿಗೂ ತೀರ್ಪು ಕೊಡೋಕಾಗಲ್ಲ.

ಇನ್ನೊಂದು ಮಾತು. ಚೆಂಗಲ್ಪಟ್ಟು ಮುಖ್ಯವಾಗಿ ನೋಡಿದ್ದು ಶ್ವಾಸಕೋಶದ ಕ್ಷಯ, ಅದೂ ಎಲ್ಲ ವಯಸ್ಸಿನವರಲ್ಲಿ. ಅಕ್ಕ ಕೇಳಿದ್ದು ಕೂಸಿನ ಬಗ್ಗೆ. ಸಾರಾಂಶದ ಒಂದು ಸಂಖ್ಯೆಯಿಂದ ವಯಸ್ಸು ಬಿಡಿಸಿ ತೆಗೆಯೋಕೆ ಬರಲ್ಲ, ಅದಕ್ಕೆ ಬೇರೆ ಅಧ್ಯಯನ ಬೇಕು. ಅವು ಇವೆ. ಸಣ್ಣ ಮಕ್ಕಳಿಗೆ ಮಿದುಳಿನ ಪೊರೆಯ ಕ್ಷಯ, ಮೈಯೆಲ್ಲ ಹರಡುವ ಕ್ಷಯ ಬಾರದಂಗೆ ಬಿಸಿಜಿ ಚೆನ್ನಾಗಿ ತಡೀತದೆ. ಅದಕ್ಕೇ ನಮ್ಮ ದೇಶದಲ್ಲಿ ಹುಟ್ಟಿದ ಕೂಡಲೇ ಹಾಕ್ತಾರೆ.

"ಅಕ್ಕಾ, ಹಾಕಸು" ಅಂದೆ. ಮರುದಿನ ಹಾಕಿಸಿದ್ಲು.

ನಿಮ್ಮ ಎಡತೋಳು ಒಮ್ಮೆ ನೋಡ್ಕೊಳ್ಳಿ, ಗುರುತು ಅಲ್ಲೇ ಇರಬಹುದು. ಮುಂದಿನ ವಾರ ಸಿಗೋಣ ರೀ.